ಬೇವೂರಿನ ಬಚ್ಚಲಿಗೆ ಎಷ್ಟು ಟೈಲ್ಸ್ ತರೋಣ?

ಮಕ್ಕಳೇ, ಮನೆಯಲ್ಲಿ ಬಚ್ಚಲು ಹೊಸದಾಗಿ ಮಾಡಿಸುವ ಮಾತು ಬಂತೆಂದರೆ ದೊಡ್ಡವರ ಬಾಯಲ್ಲಿ ಮೊದಲು ಬರುವುದು ಬಣ್ಣ. ನೀಲಿ ಹಾಕಿಸೋಣವೋ, ಬಿಳಿ ಹಾಕಿಸೋಣವೋ? ಆಮೇಲೆ ಬರುವುದು ದುಡ್ಡು. ಇವೆರಡರ ನಡುವೆ ಇನ್ನೊಂದು ಪ್ರಶ್ನೆ ಇದೆ: ಎಷ್ಟು ಟೈಲ್ಸ್ ತರಬೇಕು? ಕಡಿಮೆ ತಂದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಹೆಚ್ಚು ತಂದರೆ ದುಡ್ಡು ದಂಡ. ಇವತ್ತು ಈ ಲೆಕ್ಕವನ್ನು ನೀವೇ ವಹಿಸಿಕೊಳ್ಳಿ. ಒಂದು ಟೇಪು, ಚೌಕುಳಿ ಕಾಗದ, ಪೆನ್ಸಿಲ್ಲು ಸಾಕು. ಉದ್ದವನ್ನು ಅಗಲದಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆದರೆ ಅಷ್ಟರಿಂದಲೇ ಬಚ್ಚಲಿನ ಲೆಕ್ಕ ಮುಗಿಯುವುದಿಲ್ಲ. ಅದು ಯಾಕೆ ಅನ್ನುವುದೇ ಇವತ್ತಿನ ಪಾಠ.

ಬಾಗಲಕೋಟೆ ಜಿಲ್ಲೆಯ ಬೇವೂರಿನಲ್ಲಿ ಒಂದು ಮನೆ ಇದೆ ಅಂದುಕೊಳ್ಳಿ. ಬೇವೂರಿನ ಸುತ್ತಲಿನದು ಕಲ್ಲಿನ ಸೀಮೆ. ಒಂದು ಕಡೆ ಬಾದಾಮಿಯ ಕೆಂಪು ಮರಳುಗಲ್ಲು, ಇನ್ನೊಂದು ಕಡೆ ಇಳಕಲ್ಲಿನ ಕೆಂಪು ಗ್ರಾನೈಟ್. ಮರಳುಗಲ್ಲು ಅಂದರೆ ನೀರಿನ ತಳದಲ್ಲಿ ಮರಳು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಗ್ರಾನೈಟ್ ಹಾಗಲ್ಲ. ಅದು ನೆಲದಾಳದಲ್ಲಿ ಕುದಿಯುತ್ತಿದ್ದ ಶಿಲಾರಸ ನಿಧಾನವಾಗಿ ತಣ್ಣಗಾಗಿ ಹರಳುಗಟ್ಟಿದ ಕಲ್ಲು. ಅದರಲ್ಲಿ ಪದರವಿಲ್ಲ, ಹಾಗಾಗಿ ತೆಳು ಹಲಗೆ ಬೇಕೆಂದರೆ ಗರಗಸದಿಂದ ಸೀಳಬೇಕು. ನಮ್ಮ ಕಡೆಯ ಹಳೆಯ ಮನೆಗಳ ನೆಲಕ್ಕೆ, ಬಚ್ಚಲಿಗೆ ಹಾಸಿದ ಶಹಾಬಾದ್ ಫರಸಿ ಸುಣ್ಣದಕಲ್ಲು. ಅದೂ ಪದರದ ಕಲ್ಲೇ. ಆ ಪದರಗಳ ಗುಂಟ ಅದು ಹಲಗೆ ಹಲಗೆಯಾಗಿ ಬಿಡಿಸಿಕೊಳ್ಳುತ್ತದೆ.

ಕಲ್ಲಿನ ಮಾತು ಯಾಕೆ ಬಂತೆಂದರೆ, ಕಲ್ಲಿನ ಕೆಲಸಕ್ಕೂ ಟೈಲ್ಸ್ ಕೆಲಸಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬಾದಾಮಿಯ ಮೂರನೇ ಗುಹೆಯನ್ನು ನೋಡಿದ್ದೀರಾ? ಅದರಲ್ಲಿ ಕ್ರಿ.ಶ. 578ರ ಶಾಸನವಿದೆ. ಆ ಗುಹೆಯ ಕಂಬ, ಗೋಡೆ, ಚಾವಣಿ ಎಲ್ಲವೂ ಒಂದೇ ಬಂಡೆಯೊಳಗೆ ಕೊರೆದವು. ಹೊರಗಿನಿಂದ ಕಲ್ಲು ತಂದು ಜೋಡಿಸುವ ಮಾತೇ ಅಲ್ಲಿಲ್ಲ. ಪಟ್ಟದಕಲ್ಲಿನಲ್ಲಿ ಎಂಟನೇ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಕಲ್ಲುಗಳನ್ನು ಕಡಿದು ಒಂದರ ಮೇಲೊಂದು ಕೂರಿಸಿದ್ದಾರೆ. ಅಲ್ಲಿ ಗೋಡೆ ಹೇಗಿರಬೇಕೋ ಹಾಗೆ ಕಲ್ಲನ್ನು ಕಡಿದರು. ಟೈಲ್ಸ್ ಹಾಗಲ್ಲ. ಅದು ಎಲ್ಲೋ ದೂರದ ಕಾರ್ಖಾನೆಯಲ್ಲಿ, ಬಹುಪಾಲು ಗುಜರಾತಿನ ಮೋರ್ಬಿಯಲ್ಲಿ, ಮೊದಲೇ ಗೊತ್ತುಮಾಡಿದ ಅಳತೆಗೆ ಸುಟ್ಟು ಬಂದದ್ದು. ಬೇವೂರಿನ ಬಚ್ಚಲು ಎಷ್ಟು ಅಗಲವಿದೆ ಎಂಬುದು ಆ ಕಾರ್ಖಾನೆಗೆ ಗೊತ್ತಿಲ್ಲ. ಅಳತೆ ಹೊಂದಿಸುವ ಕೆಲಸವೆಲ್ಲ ನಮ್ಮ ಪಾಲಿನದು.

ಈಗ ಅಳೆಯೋಣ. ಹಳೆಯ ಮನೆಯ ಕಲ್ಲು-ಮಣ್ಣಿನ ಗೋಡೆಗೆ ಗೌಂಡಿ ಹೊಸ ಗಿಲಾವು ಮಾಡಿ ಮುಗಿಸಿದ ಮೇಲೆ ಟೇಪು ಹಿಡಿಯಿರಿ, ಅದಕ್ಕೂ ಮೊದಲು ಬೇಡ. ಗಿಲಾವಿನ ದಪ್ಪ ಬಚ್ಚಲಿನ ಒಳ ಅಳತೆಯನ್ನು ತಿನ್ನುತ್ತದೆ. ಒಂದೇ ಗೋಡೆಯನ್ನು ಬುಡದಲ್ಲಿ, ನಡುವೆ, ತಲೆಯ ಹತ್ತಿರ ಹೀಗೆ ಮೂರು ಕಡೆ ಅಳೆಯಿರಿ. ಮೂರೂ ಒಂದೇ ಬರುವುದು ಅಪರೂಪ. ಅವುಗಳಲ್ಲಿ ದೊಡ್ಡದನ್ನು ಬರೆದುಕೊಳ್ಳಿ. ಆಮೇಲೆ ನೆಲದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಿರಿ. ನಮ್ಮ ಬಚ್ಚಲು 200 ಸೆಂಟಿಮೀಟರ್ ಉದ್ದ, 140 ಸೆಂಟಿಮೀಟರ್ ಅಗಲ ಇದೆ ಎನ್ನಿ. ಪೈಥಾಗೊರಸ್ ಪ್ರಮೇಯದ ಪ್ರಕಾರ ಕರ್ಣ ಸುಮಾರು 244 ಸೆಂಟಿಮೀಟರ್ ಬರಬೇಕು. ಎರಡೂ ಕರ್ಣ ಅಷ್ಟೇ ಬಂದರೆ ಮೂಲೆಗಳು ಸರಿಯಾಗಿ ಲಂಬವಾಗಿವೆ. ಒಂದು 241, ಇನ್ನೊಂದು 247 ಬಂದರೆ ಬಚ್ಚಲು ಓರೆಯಾಗಿದೆ ಎಂದರ್ಥ. ಆಗ ನೆಲದ ಅಂಚಿನ ತುಂಡುಗಳು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ ಆಗುತ್ತವೆ, ಟೈಲ್ಸೂ ಹೆಚ್ಚು ಹಾಳಾಗುತ್ತವೆ. ಗೌಂಡಿಗಳು ಪ್ರಮೇಯದ ಹೆಸರು ಹೇಳದೆಯೇ ಮೂರು, ನಾಲ್ಕು, ಐದರ ಲೆಕ್ಕದಲ್ಲಿ ದಾರ ಹಿಡಿದು ಮೂಲೆ ನೋಡುತ್ತಾರೆ. ಅದೂ ಇದೇ ಗಣಿತ.

ನಮ್ಮ ಬಚ್ಚಲಿನ ಮೂಲೆಗಳು ಸರಿಯಾಗಿವೆ. ಟೈಲ್ಸ್ 210 ಸೆಂಟಿಮೀಟರ್ ಎತ್ತರದವರೆಗೆ ಬರಬೇಕು. ಒಂದು ಅಗಲದ ಗೋಡೆಯಲ್ಲಿ, ಮೂಲೆಗೆ ಒತ್ತಿಕೊಂಡು, 75 ಸೆಂಟಿಮೀಟರ್ ಅಗಲದ ಬಾಗಿಲಿದೆ, ಅದರ ಎತ್ತರವೂ 210. ನಾಲ್ಕು ಗೋಡೆಗಳ ಉದ್ದ ಕೂಡಿಸಿದರೆ 680 ಸೆಂಟಿಮೀಟರ್, ಅಂದರೆ 6.8 ಮೀಟರ್. ಅದನ್ನು 2.1ರಿಂದ ಗುಣಿಸಿದರೆ 14.28 ಚದರ ಮೀಟರ್. ಬಾಗಿಲಿನ ಜಾಗ 1.575 ಚದರ ಮೀಟರ್ ಕಳೆಯಿರಿ. ಉಳಿದದ್ದು 12.705.

ಅಂಗಡಿಯಲ್ಲಿ ನಮಗೆ ಹಿಡಿಸಿದ ಟೈಲನ್ನು ಅಂಗಡಿಯವರು "ಒಂದು ಫೂಟು, ಒಂದೂವರೆ ಫೂಟು" ಎನ್ನುತ್ತಾರೆ. ಈ ಮಾತು ಕೇಳಿದ ಕೂಡಲೇ ನೀವು ಟೇಪು ತೆಗೆಯಬೇಕು. ಒಂದು ಅಡಿ ಎಂದರೆ 30.48 ಸೆಂಟಿಮೀಟರ್. ಟೈಲಿನ ಡಬ್ಬಿಯ ಮೇಲೆ ಅಚ್ಚಾಗಿರುವುದು 300 × 450 ಮಿಲಿಮೀಟರ್, ಅಂದರೆ ಸರಿಯಾಗಿ 30, 45 ಸೆಂಟಿಮೀಟರ್. ಒಂದು ಬದಿಗೆ ಅರ್ಧ ಸೆಂಟಿಮೀಟರಿನಷ್ಟು ಕಡಿಮೆ, ಇನ್ನೊಂದು ಬದಿಗೆ ಮುಕ್ಕಾಲು ಸೆಂಟಿಮೀಟರಿಗೆ ತುಸು ಕಡಿಮೆ. ಏನಾದೀತು ಇಷ್ಟರಿಂದ ಅನ್ನಿಸಬಹುದು. ನೋಡಿ: ನಮ್ಮ ಗೋಡೆ ಹತ್ತಿರ ಹತ್ತಿರ 137 ಚದರ ಅಡಿ. ಒಂದು ಟೈಲಿಗೆ ಒಂದೂವರೆ ಚದರ ಅಡಿ ಎಂದು ಭಾಗಿಸಿದರೆ 92 ಟೈಲ್ಸ್ ಸಾಕು ಎಂದು ಬರುತ್ತದೆ. ನಿಜವಾದ ಅಳತೆಯಲ್ಲಿ ಒಂದು ಟೈಲ್ ಮುಚ್ಚುವುದು 0.135 ಚದರ ಮೀಟರ್. 12.705ನ್ನು 0.135ರಿಂದ ಭಾಗಿಸಿದರೆ 94.1. ಟೈಲಿನ ಹತ್ತನೇ ಒಂದು ಭಾಗವನ್ನು ಯಾರೂ ಮಾರುವುದಿಲ್ಲವಲ್ಲ, ಅದಕ್ಕೆ 95. ಅಳತೆಯನ್ನು ಬಾಯಿಮಾತಿಗೆ ಒಪ್ಪಿದ್ದಕ್ಕೆ ಮೂರು ಟೈಲ್ಸ್ ಕಡಿಮೆ ಬಿದ್ದವು. ಅದೂ ಒಂದೂ ಒಡೆಯದೆ, ಒಂದೂ ಕತ್ತರಿಸದೆ!

ಆರನೇ ತರಗತಿಯ ಹುಡುಗಿಯೊಬ್ಬಳು ಈ ಲೆಕ್ಕ ಮಾಡಿ ಗೌಂಡಿಯ ಹತ್ತಿರ ಹೋದಳು ಎನ್ನಿ. "ಕಾಕಾ, ತೊಂಬತ್ತೈದು ಸಾಕಲ್ರಿ?" ಎಂದು ಕೇಳಿದಳು. ಗೌಂಡಿ ನಗುತ್ತಾನೆ. "ಭಾಗಾಕಾರ ಚಲೋ ಮಾಡೀದಿ ತಂಗಿ. ಈಗ ಗ್ವಾಡಿ ಮ್ಯಾಲ ಒಂದೊಂದ ಸಾಲ ಎಣಿಸಿ ನೋಡು."

ಎಲ್ಲ ಗುಟ್ಟೂ ಈ ಎಣಿಕೆಯಲ್ಲೇ ಇದೆ. ಭಾಗಾಕಾರ ಮಾಡುವಾಗ ನಾವು ಟೈಲನ್ನು ಹಿಟ್ಟಿನ ಹಾಗೆ ನೋಡುತ್ತೇವೆ, ಎಲ್ಲಿ ಬೇಕಾದರೂ ಹರಡಬಹುದು ಅನ್ನುವಂತೆ. ಗೋಡೆಯ ಮೇಲೆ ಅದು ಇಡಿಯಾಗಿ ಕೂರಬೇಕು, ಇಲ್ಲವೇ ತುಂಡಾಗಿ ಕೂರಬೇಕು.

ಚೌಕುಳಿ ಕಾಗದದಲ್ಲಿ ಒಂದು ಮನೆ ಐದು ಸೆಂಟಿಮೀಟರ್ ಎಂದು ಇಟ್ಟುಕೊಂಡು ಗೋಡೆ ಬರೆಯಿರಿ. ಟೈಲನ್ನು ಅಡ್ಡವಾಗಿ ಹಚ್ಚೋಣ: 45 ಅಗಲ, 30 ಎತ್ತರ. 210ರ ಎತ್ತರಕ್ಕೆ ಸರಿಯಾಗಿ ಏಳು ಸಾಲು. ಉದ್ದದ ಗೋಡೆಯ ಒಂದು ಸಾಲಿನಲ್ಲಿ ನಾಲ್ಕು ಇಡೀ ಟೈಲ್ಸ್ ಹಿಡಿಯುತ್ತವೆ, 180 ಆಯಿತು. ಉಳಿದದ್ದು 20 ಸೆಂಟಿಮೀಟರ್. ಅದಕ್ಕೊಂದು ತುಂಡು. ಅಗಲದ ಗೋಡೆಯಲ್ಲಿ ಮೂರು ಇಡೀ ಟೈಲ್ಸ್, 135 ಆಯಿತು, ಉಳಿದದ್ದು ಬರೀ 5 ಸೆಂಟಿಮೀಟರ್. ಬಾಗಿಲಿನ ಗೋಡೆಯಲ್ಲಿ ಉಳಿದ ಜಾಗವೇ 65 ಸೆಂಟಿಮೀಟರ್: ಒಂದು ಇಡೀ ಟೈಲ್, 20ರ ಒಂದು ತುಂಡು.

ಪ್ರತಿ ತುಂಡಿಗೂ ಒಂದೊಂದು ಹೊಸ ಟೈಲ್ ಕತ್ತರಿಸಿ, ಮಿಕ್ಕಿದ್ದನ್ನು ಒಗೆದರೆ ಏನಾಗುತ್ತದೆ? ಉದ್ದದ ಗೋಡೆಗೆ ಸಾಲಿಗೆ ಐದರಂತೆ 35, ಅಂಥವು ಎರಡು, 70. ಅಗಲದ ಗೋಡೆಗೆ ಸಾಲಿಗೆ ನಾಲ್ಕರಂತೆ 28. ಬಾಗಿಲಿನ ಗೋಡೆಗೆ 14. ಒಟ್ಟು 112! ಭಾಗಾಕಾರ ಹೇಳಿದ 95 ಎಲ್ಲಿ, ಈ 112 ಎಲ್ಲಿ!

ಈಗ ತುಂಡುಗಳನ್ನು ಜೋಪಾನ ಮಾಡೋಣ. 20 ಸೆಂಟಿಮೀಟರಿನ ತುಂಡುಗಳು ಒಟ್ಟು 21 ಬೇಕು, ಉದ್ದದ ಗೋಡೆಗಳಿಗೆ 14, ಬಾಗಿಲಿನ ಗೋಡೆಗೆ 7. ಒಂದು ಟೈಲ್ 45 ಅಗಲವಿದೆ. ಅದರಲ್ಲಿ 20ರ ಎರಡು ತುಂಡು ಬರುತ್ತವೆ, 5 ಉಳಿಯುತ್ತದೆ. ಅಗಲದ ಗೋಡೆಗೆ ಬೇಕಾದದ್ದೂ 5ರ ಪಟ್ಟಿಯೇ ಅಲ್ಲವೇ! 11 ಟೈಲ್ಸ್ ಕತ್ತರಿಸಿದರೆ 20ರ ತುಂಡುಗಳೂ ಆದವು, 5ರ ಪಟ್ಟಿಗಳೂ ಆದವು. ಇಡೀ ಟೈಲ್ಸ್ ಎಣಿಸಿ: 56, 21, 7. ಅವಕ್ಕೆ ಈ 11 ಸೇರಿಸಿದರೆ 95. ಕತ್ತರಿಸುವ ಗಾಲಿ ಪ್ರತಿ ಸಲ ಎರಡು ಮೂರು ಮಿಲಿಮೀಟರ್ ಪುಡಿ ಮಾಡುತ್ತದಲ್ಲ ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ಅದಕ್ಕೂ ಜಾಗವಿದೆ. ಟೈಲ್ಸ್ ನಡುವೆ ಎರಡು ಮಿಲಿಮೀಟರಿನ ಸಂದು ಬಿಡುತ್ತಾರೆ, ಹಾಗಾಗಿ ತುಂಡುಗಳು 20ಕ್ಕೆ, 5ಕ್ಕೆ ಚೂರು ಕಡಿಮೆಯೇ ಸಾಕು.

ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿಯುವ ಸಿಂಪಿಗರು ಬಟ್ಟೆಗೆ ಕತ್ತರಿ ಹಾಕುವ ಮೊದಲು ಯಾವ ತುಂಡಿನಲ್ಲಿ ತೋಳು, ಯಾವುದರಲ್ಲಿ ಬೆನ್ನು ಎಂದು ಹಾಸಿ ನೋಡುತ್ತಾರಲ್ಲ, ಟೈಲ್ಸ್ ಕತ್ತರಿಸುವ ಮುಂಚಿನ ಯೋಚನೆಯೂ ಅಂಥದ್ದೇ.

ಆದರೂ ಒಂದು ತೊಂದರೆ ಉಳಿಯಿತು. ಮೂಲೆಯಲ್ಲಿ 5 ಸೆಂಟಿಮೀಟರಿನ ಸಣ್ಣ ಪಟ್ಟಿ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ, ಕತ್ತರಿಸುವಾಗ ಮುರಿಯುವುದೂ ಹೆಚ್ಚು. ಒಳ್ಳೆಯ ಗೌಂಡಿ ಅಂಥ ಗೋಡೆಯಲ್ಲಿ ಇಡೀ ಟೈಲ್ಸನ್ನು ನಡುವೆ ಕೂರಿಸಿ ಎರಡೂ ಅಂಚಿಗೆ ಸಮ ತುಂಡು ಹಾಕುತ್ತಾನೆ: 25, 45, 45, 25. ಕೂಡಿಸಿ ನೋಡಿ, 140. ಈಗ ಸಾಲಿಗೆ ನಾಲ್ಕು ಟೈಲ್ಸ್ ಬೇಕು, ಮೊದಲು ಮೂರೇ ಸಾಕಾಗಿತ್ತು. ಅಂದಕ್ಕಾಗಿ ಏಳು ಟೈಲ್ಸ್ ಹೆಚ್ಚು ಹೋದವೇ? ಹೋಗಲಿಲ್ಲ. 25 ಕತ್ತರಿಸಿದ ಮೇಲೆ ಉಳಿಯುವುದು 20, ಪಕ್ಕದ ಗೋಡೆ ಕಾಯುತ್ತಿರುವುದೂ 20ರ ತುಂಡನ್ನೇ! ಹದಿನಾಲ್ಕು ತುಂಡು ಹೀಗೆ ಪುಕ್ಕಟೆ ಸಿಕ್ಕವು, ಉಳಿದ ಏಳಕ್ಕೆ ನಾಲ್ಕು ಟೈಲ್ಸ್ ಸಾಕು. 56, 28, 7, 4 ಕೂಡಿಸಿ: ಮತ್ತೆ 95. ನನಗೆ ಈ ಲೆಕ್ಕ ಬಹಳ ಇಷ್ಟ. ಗೋಡೆ ಚೆಂದವಾಯಿತು, ಒಂದು ಟೈಲೂ ಹೆಚ್ಚು ಹೋಗಲಿಲ್ಲ. ಇದು ತಲೆಯಲ್ಲೇ ಮಾಡಿ ಮುಗಿಸುವ ಲೆಕ್ಕವಲ್ಲ, ಬರೆದು ನೋಡಿದವರಿಗೆ ಮಾತ್ರ ಹೊಳೆಯುತ್ತದೆ.

ಹಾಗಂತ ಎಲ್ಲ ಸಲ ಹೀಗೆ ಕೂಡಿಬರುವುದಿಲ್ಲ. ಬಾಗಿಲು ಮೂಲೆಯಲ್ಲಿರದೆ ಗೋಡೆಯ ನಟ್ಟನಡುವೆ ಇದ್ದರೆ? ಗೋಡೆಯ ವಿಸ್ತೀರ್ಣ ಕೂದಲಿನಷ್ಟೂ ಬದಲಾಗುವುದಿಲ್ಲ. ಆದರೆ ಎರಡು ಬದಿಗೂ 32.5 ಸೆಂಟಿಮೀಟರಿನ ತುಂಡು ಬೇಕಾಗುತ್ತದೆ. ಒಂದು ಟೈಲಿನಲ್ಲಿ ಅಂಥ ತುಂಡು ಬರುವುದು ಒಂದೇ. ಉಳಿದ 12.5ರಿಂದ ಉದ್ದದ ಗೋಡೆಗೆ ಪ್ರಯೋಜನವಿಲ್ಲ. ಲೆಕ್ಕ 98ಕ್ಕೆ ಏರುತ್ತದೆ. ಬಾಗಿಲು ಸರಿಸಿದ್ದಕ್ಕೆ ಮೂರು ಟೈಲ್ಸ್!

ನೆಲದ ಲೆಕ್ಕ ಇನ್ನೂ ಬಿಗಿ. ನೆಲಕ್ಕೆ 30 × 30ರ ಒರಟು ಟೈಲ್ಸ್ ಹಾಕುತ್ತಾರೆ, ಕಾಲು ಜಾರದಿರಲಿ ಎಂದು. 2.8 ಚದರ ಮೀಟರನ್ನು 0.09ರಿಂದ ಭಾಗಿಸಿದರೆ 31.1, ಅಂದರೆ 32. ಎಣಿಸಿ ನೋಡಿ. 200ರಲ್ಲಿ ಆರು ಇಡೀ ಟೈಲ್ಸ್, ಮಿಕ್ಕಿದ್ದು 20. 140ರಲ್ಲಿ ನಾಲ್ಕು ಇಡೀ ಟೈಲ್ಸ್, ಮಿಕ್ಕಿದ್ದು ಮತ್ತೆ 20. ಅಂಚಿನ ಪ್ರತಿ ತುಂಡೂ 20 ಅಗಲ, ಒಂದು ಟೈಲಿನಿಂದ ಒಂದೇ ತುಂಡು ಬರುತ್ತದೆ, 10 ಉಳಿಯುತ್ತದೆ. ಹೀಗೆ ಒಂದು ಮೂಲೆಯಿಂದ ಹಚ್ಚುತ್ತ ಹೋದರೆ ಏಳು ಐದಲೆ ಮೂವತ್ತೈದು ಬೇಕೇ ಬೇಕು. ಗೋಡೆಯಲ್ಲಿ ಭಾಗಾಕಾರವೂ ಎಣಿಕೆಯೂ ಒಂದೇ ಉತ್ತರ ಕೊಟ್ಟವು, ನೆಲದಲ್ಲಿ ಮೂರು ಟೈಲ್ಸ್ ವ್ಯತ್ಯಾಸ ಬಂತು. ಮಿಕ್ಕ ತುಂಡು ಇನ್ನೊಂದು ಕಡೆ ಕೂರುತ್ತದೋ ಇಲ್ಲವೋ ಎಂಬುದೇ ಇದನ್ನೆಲ್ಲ ನಿರ್ಧರಿಸುತ್ತದೆ.

ಇನ್ನೊಂದು ಸಂದೇಹ ಬರಬಹುದು. ಬಚ್ಚಲ ನೆಲ ಮಟ್ಟಸವಾಗಿರುವುದಿಲ್ಲ, ನೀರು ಹರಿದುಹೋಗಲು ಇಳಿಜಾರು ಇರುತ್ತದೆ. ಇಳಿಜಾರಿನ ಉದ್ದ ಹೆಚ್ಚಲ್ಲವೇ? ಹೆಚ್ಚೇ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಸಿದರೆ 200 ಸೆಂಟಿಮೀಟರಿಗೆ 2 ಸೆಂಟಿಮೀಟರ್ ಇಳಿಯುತ್ತದೆ. ಮತ್ತೆ ಪೈಥಾಗೊರಸನನ್ನು ಕರೆದರೆ ಉದ್ದ 200.01 ಸೆಂಟಿಮೀಟರ್ ಆಯಿತು ಎನ್ನುತ್ತಾನೆ. ಹೆಚ್ಚಾದದ್ದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದನ್ನು ಮರೆತುಬಿಡಿ.

ಗೋಡೆಯ ಟೈಲ್ಸ್ ಉಳಿದರೆ ನೆಲಕ್ಕೆ ಹಾಕಬಹುದೇ? ಬೇಡ. ಯಾಕೆಂದು ತಿಳಿಯಲು ಒಂದು ಪ್ರಯೋಗ ಮಾಡಿ. ಗೋಡೆಯ ಟೈಲನ್ನು ಮಗುಚಿ ಹಿಂಬದಿಗೆ ಒಂದು ಹನಿ ನೀರು ಹಾಕಿ. ಹನಿ ಹರಡಿ, ಇಂಗಿ, ಮಾಯವಾಗುತ್ತದೆ. ಅದೇ ಟೈಲನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಹಿಂಬದಿಯಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಮೇಲೇಳುತ್ತವೆ. ಕಿವಿ ಹತ್ತಿರ ತಂದರೆ ಚಿರ್‌ ಎಂಬ ಸದ್ದೂ ಕೇಳೀತು. ಟೈಲಿನೊಳಗಿನ ಸೂಕ್ಷ್ಮ ರಂಧ್ರಗಳಿಗೆ ನೀರು ನುಗ್ಗಿ ಅಲ್ಲಿದ್ದ ಗಾಳಿಯನ್ನು ಹೊರಗೆ ತಳ್ಳುತ್ತಿದೆ. ಗೋಡೆಯ ಟೈಲ್ ತನ್ನ ತೂಕದ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ನೀರು ಕುಡಿಯಬಲ್ಲದು. ನೆಲಕ್ಕೆ ಹಾಕುವ ವಿಟ್ರಿಫೈಡ್ ಟೈಲ್ ನೂರಕ್ಕೆ ಅರ್ಧ ಪಾಲನ್ನೂ ಕುಡಿಯುವುದಿಲ್ಲ. ಹೆಚ್ಚು ಬೆಂಕಿ ಕಂಡ ಅದರ ಮಣ್ಣು ಗಾಜಿನಂತೆ ಕರಗಿ ರಂಧ್ರಗಳನ್ನು ಮುಚ್ಚಿರುತ್ತದೆ. ರಂಧ್ರ ಹೆಚ್ಚಿರುವ ಗೋಡೆಯ ಟೈಲ್ ಹಗುರ, ಕತ್ತರಿಸಲು ಸುಲಭ, ಆದರೆ ತುಳಿತ ತಡೆಯುವಷ್ಟು ಗಟ್ಟಿಯಲ್ಲ. ಅದರ ನುಣುಪು ಮುಖದ ಮೇಲೆ ಸೋಪಿನ ನೀರು ಬಿದ್ದರೆ ಕಾಲು ನಿಲ್ಲುವುದೂ ಇಲ್ಲ. ಅದನ್ನು ಸಿಮೆಂಟಿನಲ್ಲಿ ಕೂರಿಸುವ ಮೊದಲು ಗೌಂಡಿ ನೀರಿನಲ್ಲಿ ನೆನೆಹಾಕುವುದೂ ಈ ರಂಧ್ರಗಳ ಕಾರಣಕ್ಕೇ. ಒಣ ಟೈಲ್ ಸಿಮೆಂಟಿನ ನೀರನ್ನೇ ಹೀರಿಬಿಡುತ್ತದೆ, ನೀರಿಲ್ಲದೆ ಸಿಮೆಂಟ್ ಗಟ್ಟಿಯಾಗುವುದಿಲ್ಲ. ಆದ್ದರಿಂದ ಗೋಡೆಯ ಲೆಕ್ಕ ಬೇರೆ, ನೆಲದ ಲೆಕ್ಕ ಬೇರೆ ಇಡಿ.

95 ಬಂತೆಂದು 95ನ್ನೇ ತರುವುದೂ ಸರಿಯಲ್ಲ. ದಾರಿಯಲ್ಲಿ ಒಂದೆರಡರ ಮೂಲೆ ಮುಕ್ಕಾಗಿರುತ್ತದೆ, ನಲ್ಲಿಗೆ ತೂತು ಕೊರೆಯುವಾಗ ಒಂದು ಸೀಳುತ್ತದೆ. ನೂರಕ್ಕೆ ಹತ್ತರಂತೆ ಹೆಚ್ಚು ಹಿಡಿಯುವುದು ವಾಡಿಕೆ. ಓರೆಯಾಗಿ, ವಜ್ರಾಕಾರದಲ್ಲಿ ಹಚ್ಚಿಸುವುದಾದರೆ ಅಂಚಿಗೆ ತ್ರಿಕೋನದ ತುಂಡುಗಳು ಬಹಳ ಬೇಕಾಗುತ್ತವೆ, ಆಗ ಹದಿನೈದು. ನಮ್ಮದು ನೇರ ಸಾಲು: 95ಕ್ಕೆ ಹತ್ತು ಪಾಲು ಸೇರಿಸಿದರೆ 104.5, ಅಂದರೆ 105. ಡಬ್ಬಿಯಲ್ಲಿ ಆರು ಟೈಲ್ಸ್ ಇದ್ದರೆ 18 ಡಬ್ಬಿ, 108 ಟೈಲ್ಸ್. ಡಬ್ಬಿಯಲ್ಲಿ ಎಷ್ಟಿವೆ ಎಂಬುದನ್ನು ಅದರ ಮೇಲೆ ಓದಿಯೇ ಲೆಕ್ಕ ಹಾಕಿ, ಎಲ್ಲ ಅಳತೆಗೂ ಒಂದೇ ಸಂಖ್ಯೆ ಇರುವುದಿಲ್ಲ. ಬಿಚ್ಚದ ಡಬ್ಬಿಯನ್ನು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೊಳ್ಳುವ ಮೊದಲೇ ಅಂಗಡಿಯಲ್ಲಿ ಕೇಳಿಕೊಳ್ಳಿ.

ಕಡಿಮೆ ಬಿದ್ದರೆ ಬಾಗಲಕೋಟೆಗೋ ಇಳಕಲ್ಲಿಗೋ ಹೋಗಿ ಇನ್ನೊಂದು ಡಬ್ಬಿ ತಂದರಾಯಿತಲ್ಲ ಎನ್ನಬೇಡಿ. ಟೈಲ್ ಸುಡುವುದು ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖದಲ್ಲಿ. ಶಾಖ ತುಸು ಹೆಚ್ಚು ಕಡಿಮೆಯಾದರೂ, ಮಣ್ಣಿನ ಹದ ತುಸು ಬೇರೆಯಾದರೂ ಬಣ್ಣ ಬದಲಾಗುತ್ತದೆ. ಬೇಯುವಾಗ ಮಣ್ಣು ಕುಗ್ಗುವುದರಿಂದ ಅಳತೆಯೂ ಕೂದಲೆಳೆಯಷ್ಟು ಬದಲಾಗುತ್ತದೆ. ಅದಕ್ಕೇ ಡಬ್ಬಿಯ ಮೇಲೆ ಬ್ಯಾಚ್ ನಂಬರು, ಶೇಡ್ ನಂಬರು ಅಚ್ಚಾಗಿರುತ್ತವೆ. ಎಲ್ಲ ಡಬ್ಬಿಗಳ ಮೇಲೂ ಅವು ಒಂದೇ ಇವೆಯೇ ಎಂದು ನೋಡುವ ಕೆಲಸ ನಿಮಗೇ ಬಿಟ್ಟದ್ದು, ಸಣ್ಣ ಅಕ್ಷರ ಓದಲು ನಿಮ್ಮ ಕಣ್ಣು ಚುರುಕು. ತಿಂಗಳ ನಂತರ ತಂದ ಡಬ್ಬಿ ಅದೇ ಹೆಸರಿನದಾದರೂ ಬೇರೆ ಬ್ಯಾಚಿನದಾಗಿದ್ದರೆ ಗೋಡೆಯ ಮೇಲೆ ಎದ್ದು ಕಾಣುತ್ತದೆ.

ಕೆಲಸ ಮುಗಿದ ಮೇಲೂ ಐದಾರು ಇಡೀ ಟೈಲ್ಸ್ ಮನೆಯಲ್ಲಿರಲಿ. ಬಾಗಲಕೋಟೆ, ಹುನಗುಂದದ ಕಡೆ ಎರೆಭೂಮಿ ಬಹಳ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನಿಂತ ಮನೆಯ ಗೋಡೆಯೂ ವರ್ಷವರ್ಷ ಚೂರುಚೂರೇ ಅಲುಗುತ್ತದೆ. ಟೈಲ್ ಬಾಗುವ ವಸ್ತುವಲ್ಲ, ಸೀಳುತ್ತದೆ. ನಾಲ್ಕು ವರ್ಷದ ನಂತರ ಅದೇ ಬ್ಯಾಚಿನ ಟೈಲ್ ಸಿಗುವುದು ನಿಮ್ಮ ಮನೆಯ ಅಟ್ಟದ ಮೇಲೆ ಮಾತ್ರ.

ಈಗ ನಿಮ್ಮ ಪಾಳಿ. ಇದೇ ಬಚ್ಚಲಿಗೆ 30 × 60ರ ಟೈಲ್ಸ್ ತರಬೇಕೆಂದು ಮನೆಯವರು ಮನಸ್ಸು ಬದಲಿಸಿದರು ಎನ್ನಿ. 12.705ನ್ನು 0.18ರಿಂದ ಭಾಗಿಸಿದರೆ 71 ಟೈಲ್ಸ್. ಚೌಕುಳಿ ಕಾಗದ ತೆಗೆದುಕೊಂಡು ಮೊದಲು ಟೈಲನ್ನು ಅಡ್ಡವಾಗಿ ಹಚ್ಚಿ ಎಣಿಸಿ. ಒಂದು ಟೈಲಿನಲ್ಲಿ 20ರ ಎಷ್ಟು ತುಂಡು ಬರುತ್ತವೆ ನೋಡಿಕೊಳ್ಳಿ. ಆಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಎಣಿಸಿ. ಆಗ 210ರ ಎತ್ತರಕ್ಕೆ ಮೂರು ಇಡೀ ಸಾಲು, ಅದರ ಮೇಲೊಂದು ಅರ್ಧ ಸಾಲು ಬರುತ್ತದೆ, ಅಗಲದ ತುಂಡುಗಳ ಲೆಕ್ಕವೂ ಬೇರೆಯಾಗುತ್ತದೆ. ಎರಡರಲ್ಲಿ ಯಾವುದಕ್ಕೆ ಕಡಿಮೆ ಟೈಲ್ಸ್ ಸಾಕು ಎಂದು ಕಂಡುಕೊಂಡು, ಅಂಗಡಿಗೆ ಹೊರಡುವ ಮೊದಲು ಮನೆಯಲ್ಲಿ ಹೇಳಿ.